ರುದ್ರಪ್ರಯಾಗದ ದಾರಿಯಲ್ಲಿ

ಕೇದಾರನಾಥನ ದರ್ಶನ ಪಡೆಯಬೇಕೆಂಬ ಹಂಬಲ ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಪಂಚಪೀಠಗಳಲ್ಲಿ ಒಂದಾದ ವೈರಾಗ್ಯ ಪೀಠ ಊಖಿಮಠದಲ್ಲಿದೆ. ಕೇದಾರದ ರಾವಲರು ಪರಂಪರೆಯಿಂದಲೂ ದಕ್ಷಿಣದ ವೀರಶೈವರು. ಆದಕಾರಣ ಹಿಮಾಲಯದ ಆ ಮೂಲೆ ನಮಗೆ ಪರಸ್ಥಳವೆನಿಸುವುದಿಲ್ಲ. ಕೆಲವು ವರ್ಷಗಳ ಹಿಂದೆ, ವೈಶಾಖ ಮಾಸದಲ್ಲಿ, ನಮ್ಮ ಭಾಗದ ಭಕ್ತರ ತಂಡದೊಡನೆ ನಾವೂ ಆ ಯಾತ್ರೆಗೆ ಹೊರಟೆವು. ಕ್ಷೇತ್ರದ ಮಹಿಮೆಯನ್ನು ಹಿರಿಯರು ಬೇಕಾದಷ್ಟು ಬರೆದಿದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ದಾರಿಯ ಪಕ್ಕದ ಒಂದು ಸಣ್ಣ ಸ್ಮಾರಕದ ಸಂಗತಿಯನ್ನು.

ಹೃಷಿಕೇಶದಿಂದ ಹೊರಟ ಬಸ್ಸು ದೇವಪ್ರಯಾಗ, ಶ್ರೀನಗರಗಳನ್ನು ದಾಟಿ ಅಲಕನಂದೆಯ ದಡದಲ್ಲೇ ಏರುತ್ತ ಸಾಗುತ್ತದೆ. ರುದ್ರಪ್ರಯಾಗ ಇನ್ನೇನು ಬಂತೆನ್ನುವಾಗ ಗೋಲಾಬ್‌ರಾಯ್ ಎಂಬ ಸ್ಥಳ ಸಿಗುತ್ತದೆ. ಜಿಮ್ ಕಾರ್ಬೆಟ್ ಎಂಬ ಬೇಟೆಗಾರರು 1926ರಲ್ಲಿ ನರಭಕ್ಷಕ ಚಿರತೆಯೊಂದನ್ನು ಕೊಂದದ್ದು ಇಲ್ಲಿಯೇ ಎಂದು ಸಾರುವ ಸ್ಮಾರಕ ಅಲ್ಲಿದೆ. ಬಸ್ಸು ನಿಂತಾಗ ತಂಡದಲ್ಲಿದ್ದ ಬಾಲಕನೊಬ್ಬ ಓಡಿಬಂದು, "ಅಜ್ಜಾರ, ಆ ಬೇಟೆ ಕಥೆ ಹೇಳ್ರಿ. ಎಷ್ಟು ಗುಂಡು ಹೊಡೆದ್ರು?" ಎಂದು ಕೇಳಿದ. ಪಕ್ಕದಲ್ಲಿದ್ದ ಹಿರಿಯ ತಾಯಿಯೊಬ್ಬರಿಗೆ ಅದು ಸರಿಬರಲಿಲ್ಲ. "ಪುಣ್ಯಕ್ಷೇತ್ರಕ್ಕೆ ಬಂದು ಕೊಲ್ಲೋ ಮಾತು ಯಾಕ್ರಿ ಗುರುಗಳೇ?" ಎಂದರು. ಇಬ್ಬರ ಮಾತಿಗೂ ಉತ್ತರ ಕೊಡಬೇಕಾದ ಇಕ್ಕಟ್ಟು ನಮಗೆ ಒದಗಿತು. ಆ ಇಕ್ಕಟ್ಟು ಹೊಸದೇನಲ್ಲ.

ನಾವು ಮಠದ ಗುರುಕುಲದಲ್ಲಿ ಓದುತ್ತಿದ್ದಾಗ ವಾಚನಾಲಯದಿಂದ ಕಾರ್ಬೆಟ್ಟರ ಪುಸ್ತಕವೊಂದು ಕೈಗೆ ಸಿಕ್ಕಿತ್ತು. ಇಂಗ್ಲಿಷ್ ಕಲಿಯುವ ನೆಪದಲ್ಲಿ ಅದನ್ನು ಸಿದ್ಧಾಂತ ಕೌಮುದಿಯ ನಡುವೆ ಇಟ್ಟುಕೊಂಡು ರಾತ್ರಿಯೆಲ್ಲ ಓದುತ್ತಿದ್ದೆವು. ಒಂದು ದಿನ ಹಿರಿಯ ಶ್ರೀಗಳು ಬೆನ್ನ ಹಿಂದೆ ಬಂದು ನಿಂತು, "ಏನು ಮರಿ, ಕೌಮುದಿಯೊಳಗೆ ಚಿರತೆ ಯಾವಾಗ ಬಂತು?" ಎಂದರು. ಬೈಗುಳಕ್ಕೆ ತಲೆತಗ್ಗಿಸಿ ನಿಂತೆವು. ಅವರು ಬೈಯಲಿಲ್ಲ. "ಓದು. ಕೊಂದವನ ಧೈರ್ಯವನ್ನು ನೋಡಿದೆಯಲ್ಲ, ಅದೇ ದಾರಿಯಲ್ಲಿ ಬರಿಗೈಲಿ ನಡೆದವರನ್ನೂ ನೋಡು" ಎಂದಷ್ಟೇ ಹೇಳಿ ಹೋದರು. ಆ ಮಾತು ಆಗ ನಮಗೆ ನಾಟಲಿಲ್ಲ. ಬಂದೂಕಿನ ಸದ್ದು ಕೇಳುವ ಪುಟಗಳನ್ನೇ ಹುಡುಕಿ ಹುಡುಕಿ ಓದಿ, ಉಳಿದವನ್ನು ಹಾರಿಸಿಬಿಟ್ಟೆವು.

ಸಾಹಸದ ಬರಹಗಳ ಸೆಳೆತವೇ ಅಂಥದ್ದು. ಈಗ ಎಲ್ಲರ ಬಾಯಲ್ಲೂ ಓಡಾಡುವ 'ಸಫಾರಿ' ಎಂಬ ಮಾತು ಆಫ್ರಿಕದ ಸ್ವಾಹಿಲಿ ಭಾಷೆಯದು. ಅದರ ಮೂಲ ಅರಬ್ಬಿಯ 'ಸಫರ್', ಎಂದರೆ ಪ್ರಯಾಣ. ಪ್ರಯಾಣವೆಂಬ ಈ ನಿರಪರಾಧಿ ಮಾತಿಗೆ ಬೇಟೆಯ ಅರ್ಥವನ್ನು ಅಂಟಿಸಿದವರು ಬಂದೂಕು ಹಿಡಿದು ಬಂದ ದೊರೆಗಳು. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡರ್ ರೂಸ್‌ವೆಲ್ಟ್ 1909ರಲ್ಲಿ ಮಗನೊಡನೆ ಪೂರ್ವ ಆಫ್ರಿಕಕ್ಕೆ ಹೋದರು. ತಂದೆ ಮಕ್ಕಳು ಕೊಂದ ಪ್ರಾಣಿಗಳು 512. ವಸ್ತುಸಂಗ್ರಹಾಲಯಕ್ಕೆ ಮಾದರಿಗಳನ್ನು ಕೂಡಿಸುವ ಉದ್ದೇಶವೂ ಅದಕ್ಕಿತ್ತು. ಮರುವರ್ಷವೇ ಆ ಪ್ರವಾಸದ ಕಥನ ಪುಸ್ತಕವಾಗಿ ಬಂತು. ಕೊಂದವುಗಳ ಲೆಕ್ಕವೂ ಅದರಲ್ಲಿ ಸೇರಿತು. 1911ರ ಡಿಸೆಂಬರಿನಲ್ಲಿ ದೆಹಲಿ ದರಬಾರು ಮುಗಿಸಿದ ಐದನೆಯ ಜಾರ್ಜ್ ದೊರೆ ನೇಪಾಳದ ತರಾಯಿ ಕಾಡಿಗೆ ಹೋದಾಗ ಅವರ ತಂಡ 39 ಹುಲಿಗಳನ್ನು ಕೆಡವಿತು. ಇಂಥ ಬೇಟೆಗಳಲ್ಲಿ ಧೈರ್ಯಕ್ಕಿಂತ ವೈಭವವೇ ಹೆಚ್ಚು.

ಇನ್ನೊಂದು ಬಗೆಯ ಕಥನವೂ ಉಂಟು. 1898ರಲ್ಲಿ ಕೀನ್ಯದ ಸಾವೋ ನದಿಗೆ ರೈಲುಸೇತುವೆ ಕಟ್ಟುವಾಗ ಎರಡು ಸಿಂಹಗಳು ಕೂಲಿಗಳನ್ನು ಡೇರೆಗಳಿಂದ ಎಳೆದೊಯ್ಯುತ್ತಿದ್ದವು. ಅವುಗಳನ್ನು ಕೊಂದ ಎಂಜಿನಿಯರ್ ಪ್ಯಾಟರ್ಸನ್ ಬರೆದ ಪುಸ್ತಕ 1907ರಲ್ಲಿ ಹೊರಬಂದು ಲೋಕಪ್ರಸಿದ್ಧವಾಯಿತು. ಅಲ್ಲಿ ಕಂಬಿ ಹಾಸುತ್ತಿದ್ದವರಲ್ಲಿ ಬಹುಮಂದಿ ನಮ್ಮ ದೇಶದಿಂದ ಹಡಗು ಹತ್ತಿ ಹೋದ ಬಡವರೆಂಬುದು ಎಷ್ಟು ಓದುಗರಿಗೆ ನೆನಪಿದ್ದೀತು? ಸಿಂಹಗಳ ತುಪ್ಪುಳ ತುಂಬಿದ ದೇಹಗಳು ಚಿಕಾಗೋ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇವೆ. ಸತ್ತವರನ್ನು ಕೇಳುವವರಿಲ್ಲ.

ರುದ್ರಪ್ರಯಾಗದ ಕಥೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1918ರಿಂದ 1926ರವರೆಗೆ ಎಂಟು ವರ್ಷ ಒಂದೇ ಒಂದು ಚಿರತೆ ಸುಮಾರು ಐನೂರು ಚದರ ಮೈಲಿಯ ಸೀಮೆಯನ್ನು ನಡುಗಿಸಿತು. ಸರಕಾರದ ಲೆಕ್ಕಕ್ಕೆ ಸಿಕ್ಕ ಸಾವುಗಳೇ 125. ಕತ್ತಲಾದೊಡನೆ ಹಳ್ಳಿಹಳ್ಳಿಗಳ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಬಹುಮಾನ ಸಾರಿದರು, ಬೋನು ಇಟ್ಟರು, ವಿಷ ಹಾಕಿದರು, ಯಾವುದೂ ಫಲಿಸಲಿಲ್ಲ. ಈ ಪ್ರಾಣಿ ನರಭಕ್ಷಕನಾದುದೇಕೆಂಬುದಕ್ಕೆ ಕಾರ್ಬೆಟ್ಟರು ಕೊಡುವ ಕಾರಣ ಮನಕಲಕುವಂಥದು. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಹೆಣಗಳನ್ನು ಹೊತ್ತು ನದಿದಡಕ್ಕೆ ಒಯ್ದು ಸುಡುವಷ್ಟು ಕೈಗಳು ಹಳ್ಳಿಗಳಲ್ಲಿ ಉಳಿಯಲಿಲ್ಲ. ಬಾಯಲ್ಲೊಂದು ಕೆಂಡವಿಟ್ಟು ಶವವನ್ನು ಬೆಟ್ಟದಂಚಿನಿಂದ ಕೆಳಗೆ ತಳ್ಳಿದರು. ಚಿರತೆ ರುಚಿ ಕಂಡದ್ದು ಅಲ್ಲಿ. ಮೃಗದ ಪಾಪವೆಂದು ನಾವು ಎಣಿಸಿದ್ದರ ಬೇರು ಮನುಷ್ಯರ ಅಸಹಾಯಕತೆಯಲ್ಲಿತ್ತು.

ಭಯವಿತ್ತೆಂದು ಯಾತ್ರೆಯೇನೂ ನಿಲ್ಲಲಿಲ್ಲ. ಆಗ ಹರಿದ್ವಾರದಿಂದ ಕೇದಾರದವರೆಗೂ ಕಾಲ್ನಡಿಗೆ. ದಾರಿಯುದ್ದಕ್ಕೂ 'ಚಟ್ಟಿ'ಗಳೆಂಬ ಹುಲ್ಲು ಹೊದಿಸಿದ ತಂಗುದಾಣಗಳು. ಮುಂಭಾಗಕ್ಕೆ ಬಾಗಿಲೇ ಇಲ್ಲ. ಗೋಲಾಬ್‌ರಾಯಿಯ ಚಟ್ಟಿಯನ್ನು ನಡೆಸುತ್ತಿದ್ದವರು ಒಬ್ಬ ಪಂಡಿತರು. 1921ರ ಬೇಸಗೆಯ ಒಂದು ಸಂಜೆ ಮದರಾಸಿನ ಕಡೆಯ ಯಾತ್ರಿಕರು ಕಾಲು ಬೊಬ್ಬೆಯೆದ್ದು ಅಲ್ಲಿಗೆ ಬಂದರು. ನಮ್ಮ ಬಳ್ಳಾರಿಯೂ ಆಗ ಮದರಾಸು ಪ್ರಾಂತದಲ್ಲೇ ಇತ್ತು. ಇಲ್ಲಿ ಅಪಾಯವಿದೆ, ಇನ್ನೆರಡು ಮೈಲಿ ನಡೆದು ರುದ್ರಪ್ರಯಾಗ ಸೇರಿಕೊಳ್ಳಿರೆಂದು ಪಂಡಿತರು ಎಷ್ಟು ಹೇಳಿದರೂ ಅವರಿಗೆ ಹೆಜ್ಜೆ ಎತ್ತಿಡುವ ಶಕ್ತಿಯಿರಲಿಲ್ಲ. ಕೊನೆಗೆ ಪಂಡಿತರು ತಮ್ಮ ಮನೆಯ ಕೋಣೆಯನ್ನೇ ಅವರಿಗೆ ತೆರೆದುಕೊಟ್ಟರು.

ಗಾಳಿಯಾಡದ ಆ ಕೋಣೆಯಲ್ಲಿ ಉಸಿರು ಕಟ್ಟಿದಂತಾಗಿ ನಡುರಾತ್ರಿ ಪಂಡಿತರು ಹೊರಜಗಲಿಗೆ ಬಂದು, ಎರಡು ಕಂಬಗಳನ್ನು ಹಿಡಿದು ನಿಂತರು. ಕ್ಷಣಮಾತ್ರದಲ್ಲಿ ಚಿರತೆ ಅವರ ಗಂಟಲನ್ನು ಕಚ್ಚಿತು. ಅವರು ಕಂಬಗಳನ್ನು ಬಿಡದೆ ಕಾಲಿನಿಂದ ಅದನ್ನು ಒದ್ದು ಕೆಡವಿದರು. ಯಾತ್ರಿಕರು ಅವರನ್ನು ಒಳಕ್ಕೆ ಎಳೆದುಕೊಂಡು ಅಗಳಿ ಹಾಕಿದರು. ಮುಂದೆ ಮೂರು ತಿಂಗಳು ಅವರಿಗೆ ಬೆಳ್ಳಿಯ ನಳಿಗೆಯ ಮೂಲಕ ಆಹಾರ ಕೊಡಬೇಕಾಯಿತು. ಗುಣವಾದ ಮೇಲೆ, ತಲೆ ನರೆತು ದೇಹ ಕುಗ್ಗಿದ್ದರೂ, ಅವರು ಅದೇ ಚಟ್ಟಿಗೆ ಮರಳಿದರು. ದಾಸೋಹವೆಂಬ ಮಾತನ್ನು ಆಡುವ ನಮಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ?

ಕಾರ್ಬೆಟ್ಟರು 1925ರಲ್ಲಿ ಬಂದು, ಸೇತುವೆಯ ಗೋಪುರದ ಮೇಲೆ ಇಪ್ಪತ್ತು ರಾತ್ರಿ ಕಾದು ಬರಿಗೈಲಿ ಮರಳಿದರು. ಮರುವರ್ಷ ಮತ್ತೆ ಬಂದರು. ಗೋಲಾಬ್‌ರಾಯಿಯ ಮಾವಿನ ಮರದಲ್ಲಿ ಕುಳಿತು, ಕೆಳಗೆ ಕೊರಳಿಗೆ ಗಂಟೆ ಕಟ್ಟಿದ ಮೇಕೆಯನ್ನಿಟ್ಟು, ಹತ್ತು ರಾತ್ರಿ ಕಾದರು. ಹನ್ನೊಂದನೆಯ ರಾತ್ರಿ, ಮೇ ತಿಂಗಳ ಆರಂಭದಲ್ಲಿ, ಒಂದೇ ಗುಂಡು ಸಿಡಿಯಿತು. ಸದ್ದು ಕೇಳಿ ಪಂಡಿತರು ಬಾಗಿಲು ತೆರೆದು, ಸಹಾಯ ಬೇಕೆ ಎಂದು ಕತ್ತಲಿಗೆ ಕೂಗಿ ಕೇಳಿದರಂತೆ. ಗಂಟಲು ಹರಿಸಿಕೊಂಡಿದ್ದ ಮನುಷ್ಯ! ಬೆಳಗಾದಾಗ ಕಂಡದ್ದು ಹಲ್ಲು ಸವೆದ ಒಂದು ಮುದಿ ಚಿರತೆ. ಜನರು ಪಿಶಾಚಿಯೆಂದು ನಂಬಿದ್ದ ಅದನ್ನು ನೋಡಿ ಕಾರ್ಬೆಟ್ಟರು ಹಿಗ್ಗಲಿಲ್ಲ. ಅದು ತಪ್ಪಿದ್ದು ಮನುಷ್ಯನ ಕಟ್ಟಳೆಗೆ, ಪ್ರಕೃತಿಯ ಕಟ್ಟಳೆಗಲ್ಲವೆಂಬ ಭಾವವನ್ನೇ ಬರೆದಿಟ್ಟರು. ಇಪ್ಪತ್ತು ವರ್ಷಗಳ ಬಳಿಕ ಅವರು ರಚಿಸಿದ ಪುಸ್ತಕವನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ. ಪಂಡಿತರ ಸಂಗತಿ ನಮಗೆ ತಿಳಿದದ್ದು ಕಾರ್ಬೆಟ್ಟರು ಬರೆದದ್ದರಿಂದಲೇ. ಕಾರ್ಬೆಟ್ಟರು ಮುಂದೆ ಬಂದೂಕಿಗಿಂತ ಕ್ಯಾಮೆರಾವನ್ನೇ ಹೆಚ್ಚಾಗಿ ಹಿಡಿದರು, ಹುಲಿಗಳ ಉಳಿವಿಗಾಗಿ ಮಾತಾಡಿದರು. ನಮ್ಮಲ್ಲಿ 1972ರ ಕಾಯಿದೆ ಮೋಜಿನ ಬೇಟೆಗೆ ತೆರೆಯೆಳೆಯಿತು. ಕೀನ್ಯದಲ್ಲಿ 1977ರಲ್ಲಿ ಬೇಟೆ ನಿಂತಿತು.

ಸ್ಮಾರಕದ ಬಳಿ ನಿಂತು ನಾವು ಇಷ್ಟನ್ನೂ ಹೇಳಿದೆವು. ಬಾಲಕ ಗುಂಡಿನ ಲೆಕ್ಕವನ್ನು ಮರೆತು, "ಆ ಪಂಡಿತರ ಹೆಸರೇನ್ರಿ?" ಎಂದು ಕೇಳಿದ. ಪುಸ್ತಕದಲ್ಲಿ ಅವರು ಬರಿಯ 'ಪಂಡಿತ' ಎಂದೆವು. ಬೇಟೆಯ ಮಾತು ಬೇಡವೆಂದಿದ್ದ ತಾಯಿ ಅರೆಗಳಿಗೆ ಸುಮ್ಮನಿದ್ದು, "ನಮ್ಮ ಕಡೆ ಮಂದಿಗೆ ಬಾಗಿಲು ತೆಗೆದಾತ" ಎಂದು ರಸ್ತೆಯ ಬದಿಗೆ ತಿರುಗಿ ಕೈಮುಗಿದರು.

ಮುಂದೆ ಸಂಗಮಕ್ಕೆ ಇಳಿದೆವು. ಕೂಡಲಸಂಗಮದ ಶಾಂತ ನೀರನ್ನು ಕಂಡ ಕಣ್ಣಿಗೆ ಅಲಕನಂದೆ ಮಂದಾಕಿನಿಯರ ಆರ್ಭಟ ಬೇರೆಯೇ. 2013ರ ಜೂನ್ ತಿಂಗಳಿನಲ್ಲಿ ಈ ಮಂದಾಕಿನಿಯೇ ಉಕ್ಕಿ ಸಾವಿರಾರು ಯಾತ್ರಿಕರನ್ನು ಕೊಚ್ಚಿಕೊಂಡು ಹೋಯಿತು. ಹಲವರ ದೇಹಗಳೂ ಸಿಗಲಿಲ್ಲ. ಆದರೂ ದಾರಿ ತುಂಬ ಜನ. ಬರಿಗೈಲಿ ನಡೆದವರನ್ನು ನೋಡೆಂದ ಗುರುಗಳ ಮಾತು ನಲವತ್ತು ವರ್ಷ ತಡವಾಗಿ ಅಲ್ಲಿ ನಮಗೆ ಅರ್ಥವಾಯಿತು. ನಿಮ್ಮ ಮನೆಯ ಮಕ್ಕಳು ಬೇಟೆಯ ಕಥೆಗಳನ್ನು ಓದುತ್ತಿದ್ದರೆ ಕಿತ್ತುಕೊಳ್ಳಬೇಡಿರಿ. ಬಾಗಿಲು ತೆರೆದವರ ಪುಟವನ್ನು ಹಾರಿಸದಂತೆ ಮಾತ್ರ ಜೊತೆಗೆ ಕುಳಿತು ಓದಿಸಿರಿ.