ಒಂದು ಹೆಸರಿನ ಹಣೆಬರಹ

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಜೀವರಸಾಯನಶಾಸ್ತ್ರದ ಶಬ್ದವೊಂದನ್ನು ಹಿಡಿದುಕೊಂಡು ಬರೆಯಹೊರಟಿರುವುದನ್ನು ಕಂಡು ವಿಜ್ಞಾನದ ಮಿತ್ರರು ನಗಬಹುದು. ನಗಲಿ. ಶಬ್ದಗಳು ಯಾರೊಬ್ಬರ ಸ್ವತ್ತೂ ಅಲ್ಲವಷ್ಟೆ. ಅದರಲ್ಲಿಯೂ ಈ ಶಬ್ದಕ್ಕೆ ಆಗಿರುವ ಅನ್ಯಾಯ ರಸಾಯನದ್ದಲ್ಲ, ಭಾಷೆಯದು.

ಶಬ್ದ "ಪುಟ್ರೆಸಿನ್." ನನ್ನ ಕೊಠಡಿಯ ಸಂಗಾತಿ, ಚನ್ನರಾಯಪಟ್ಟಣದ ಕಡೆಯವನು, ಬಿ.ಎಸ್‌ಸಿ. ಪರೀಕ್ಷೆಯ ದಿನಗಳಲ್ಲಿ ಇದನ್ನು ಮಂತ್ರದಂತೆ ಜಪಿಸುತ್ತಿದ್ದ. "ಹಾಗೆಂದರೇನಯ್ಯಾ?" ಎಂದೆ. "ನಾಲ್ಕು ಇಂಗಾಲದ ಸರಪಳಿ, ಎರಡು ತುದಿಗೂ ಒಂದೊಂದು ಅಮೀನು" ಎಂದ. ಇದು ವಸ್ತುವಿನ ವರ್ಣನೆಯೇ ಹೊರತು ಶಬ್ದದ ಅರ್ಥವಲ್ಲ. ನಿಘಂಟನ್ನು ತೆಗೆದೆ. ಲ್ಯಾಟಿನ್ನಿನಲ್ಲಿ "ಪುಟ್ರೆಸ್ಕೆರೆ" ಎಂದರೆ ಕೊಳೆಯುವುದು. ಬರ್ಲಿನ್ನಿನ ವೈದ್ಯ ಲುಡ್ವಿಗ್ ಬ್ರೀಗರ್ 1885ರಲ್ಲಿ ಇದನ್ನು ಕೊಳೆತ ಮಾಂಸದಲ್ಲಿ ಕಂಡು ಈ ಹೆಸರನ್ನಿಟ್ಟನು. ಇದರ ಒಡಹುಟ್ಟಿದ, ಐದು ಇಂಗಾಲದ ಇನ್ನೊಂದಕ್ಕೆ "ಕಡಾವರಿನ್" ಎಂದು ಕರೆದನು, ಅಂದರೆ ಹೆಣದ್ದು. ಸಂಸ್ಕೃತದ ಪೂತಿ, ಪೂಯ ಎಂಬ ಮಾತುಗಳೂ ಆ ಲ್ಯಾಟಿನ್ ಶಬ್ದದ ದಾಯಾದಿಗಳೇ. ಪೂಯವೆಂದರೆ ಕೀವು. ಎಂತಹ ಬಳಗ ನೋಡಿ!

ವಾಸನೆಯೇನೋ ಹೆಸರಿಗೆ ತಕ್ಕಂತೆಯೇ ಇದೆಯಂತೆ. ಆದರೆ ಈ ವಸ್ತು ಹೆಣದಲ್ಲಿ ಮಾತ್ರವಲ್ಲ, ಜೀವವಿರುವ ಕಡೆಯಲ್ಲೆಲ್ಲಾ ಇದೆ. ಹಾಸನದ ಸುತ್ತ ಬೆಳೆಯುವ ಆಲೂಗಡ್ಡೆಯಲ್ಲಿದೆ, ಕಿತ್ತಳೆಯ ರಸದಲ್ಲಿದೆ, ಇದನ್ನು ಓದುತ್ತಿರುವ ತಮ್ಮ ಕಣ್ಣಿನಲ್ಲಿಯೂ ಇದೆ. ಇದಕ್ಕೆ ಒಂದು ತುಂಡು ಸೇರಿದರೆ ಸ್ಪರ್ಮಿಡಿನ್, ಇನ್ನೊಂದು ಸೇರಿದರೆ ಸ್ಪರ್ಮಿನ್. ಒಟ್ಟಾಗಿ ಇವು ಪಾಲಿಅಮೀನುಗಳು. ಇವುಗಳ ಧನವಿದ್ಯುತ್ತು ಡಿ.ಎನ್.ಎ.ಯ ಋಣವಿದ್ಯುತ್ತಿಗೆ ಒತ್ತಾಸೆಯಾಗಿ ನಿಲ್ಲುತ್ತದೆ. ಇವಿಲ್ಲದೆ ಜೀವಕೋಶ ಬೆಳೆಯದು. ಲೇವನ್‌ಹುಕ್ ಎಂಬ ಡಚ್ಚನು 1678ರಲ್ಲಿ ವೀರ್ಯದಲ್ಲಿ ಕಂಡ ಹರಳುಗಳು ಸ್ಪರ್ಮಿನ್ನಿನವು. ಹೆಸರು ಬಂದದ್ದು 1888ರಲ್ಲಿ. ಸ್ಪರ್ಮ ಎಂದರೆ ಗ್ರೀಕಿನಲ್ಲಿ ಬೀಜ. ಹೀಗೆ ಒಂದೇ ಮನೆಯಲ್ಲಿ ತಾಯಿಯ ಹೆಸರು ಕೊಳಕು, ಮಕ್ಕಳ ಹೆಸರು ಬೀಜ! ಮೊದಲು ಯಾರ ಕಣ್ಣಿಗೆ ಎಲ್ಲಿ ಬಿದ್ದೆವೋ ಅದೇ ಹಣೆಬರಹ.

ಇದಕ್ಕೊಂದು ಒಳ್ಳೆಯ ಕನ್ನಡದ ಹೆಸರನ್ನಿಡೋಣವೆಂದು ಹಾಸನದ ಬಸ್ ನಿಲ್ದಾಣದಲ್ಲಿ ಒಂದು ಸಂಜೆ ನಾವು ಮೂವರು ಸಭೆ ಸೇರಿದೆವು. ಹೊಳೆನರಸೀಪುರದ ಗೆಳೆಯ "ಕೊಳೆಯಮೀನು" ಎಂದ. ಹೇಮಾವತಿಯ ದಂಡೆಯವನು, ಅವನಿಗೆ ಮೀನೇ ಕಾಣಬೇಕು. "ಜೀವದಮೀನು" ಎಂದರೆ ಅದೂ ಮೀನೇ ಆಯಿತು. "ಅಮೀನ" ಎಂದು ಬಿಡಿಸಿ ಹೇಳಿದರಂತೂ ನಮ್ಮ ಕಡೆಯ ರೈತರಿಗೆ ಜಪ್ತಿಗೆ ಬರುವ ಕೋರ್ಟಿನ ಅಮೀನನ ನೆನಪಾಗಿ ಎದೆ ಝಲ್ಲೆನ್ನುತ್ತದೆ. ಅಷ್ಟರಲ್ಲಿ ಹೊಳೆನರಸೀಪುರದ ಬಸ್ಸು ಬಂದು ಸಭೆ ಬರಖಾಸ್ತಾಯಿತು.

ನನ್ನದು ಅರಕಲಗೂಡು ತಾಲ್ಲೂಕು. ನಮ್ಮ ಕಡೆ ಹೊಗೆಸೊಪ್ಪೇ ಜೀವನ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಯಿದೆ. ನಾನು ಈ ಶಬ್ದದ ಬೆನ್ನು ಬಿಡದಿದ್ದುದಕ್ಕೆ ಕಾರಣ ಇದೇ. ತಂಬಾಕಿನ ಬೇರು ಪುಟ್ರೆಸಿನ್ನಿಗೆ ಒಂದು ಮೀಥೈಲ್ ಗುಂಪನ್ನು ತೊಡಿಸಿ, ಉಂಗುರವಾಗಿ ಬಾಗಿಸಿ, ನಿಕೋಟಿನಿಕ್ ಆಮ್ಲದಿಂದ ಬಂದ ಮತ್ತೊಂದು ಉಂಗುರಕ್ಕೆ ಬೆಸೆದರೆ ನಿಕೋಟಿನ್ ಆಗುತ್ತದೆ. ಅದು ಮೇಲೇರಿ ಎಲೆ ಸೇರುತ್ತದೆ. ಹೂ ಬರುವ ಹೊತ್ತಿಗೆ ನಾವು ಕುಡಿ ಮುರಿಯುತ್ತೇವಲ್ಲ, ಆಗ ಗಿಡ ಗಾಯವಾಯಿತೆಂದು ತಿಳಿದು ಇನ್ನಷ್ಟು ನಿಕೋಟಿನ್ ಮಾಡಿ ಎಲೆಗೆ ಕಳುಹಿಸುತ್ತದೆ. ನಿಕೋಟಿನ್ ಎಂಬ ಹೆಸರಾದರೋ ಜಾನ್ ನಿಕೋ ಎಂಬ ಫ್ರೆಂಚ್ ರಾಯಭಾರಿಯದು. 1560ರಲ್ಲಿ ಪೋರ್ಚುಗಲ್ಲಿನಿಂದ ತಂಬಾಕನ್ನು ತನ್ನ ರಾಜನ ಅರಮನೆಗೆ ಕಳುಹಿಸಿದವನು. ಜೀವ ಬೆಳೆಸುವುದಕ್ಕೆ ಕೀವಿನ ನೆಂಟಸ್ತಿಕೆ. ವಿಷಕ್ಕೆ ರಾಯಭಾರಿಯ ಬಿರುದು!

ಹೆಸರಿಲ್ಲದ್ದರ ಕಥೆ ಇನ್ನೂ ಕಷ್ಟ. ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ಎಲೆ ಮುರಿಯುವ ದಿನ ನನ್ನ ತಾಯಿ ಸಂಜೆಗೆ ತಲೆ ಸುತ್ತಿ ವಾಂತಿ ಮಾಡಿಕೊಂಡು ಮಲಗುತ್ತಿದ್ದಳು. ಮನೆಯಲ್ಲಿ ಅದಕ್ಕೆ "ಪಿತ್ತ" ಎನ್ನುತ್ತಿದ್ದರು. ಪಿತ್ತವೆಂದ ಮೇಲೆ ಔಷಧ ಗೊತ್ತೇ ಇದೆ: ನಿಂಬೆಹಣ್ಣು, ಜೀರಿಗೆ ನೀರು, ಮರುದಿನ ಮತ್ತೆ ಅದೇ ಹೊಲ. ಒದ್ದೆ ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದೊಳಕ್ಕೆ ಇಳಿಯುತ್ತದೆಯೆಂದೂ, ಹಸಿ ತಂಬಾಕಿನ ಬೇನೆ ಎಂದೇ ವೈದ್ಯರು ಇದಕ್ಕೆ ಹೆಸರಿಟ್ಟಿದ್ದಾರೆಂದೂ ತಿಳಿದದ್ದು ಸಂಗಾತಿಯ ಪುಸ್ತಕದ ಪಕ್ಕದ ಪುಟಗಳನ್ನು ಮಗುಚಿದಾಗ. ಬೀಡಿ ಮುಟ್ಟದವಳಿಗೆ ಹೊಗೆಸೊಪ್ಪಿನ ನಂಜು!

ರಜೆಯಲ್ಲಿ ಹೋಗಿ ಹೇಳಿದೆ. ಪುಟ್ರೆಸಿನ್ ಎಂಬ ಮಾತನ್ನು ಎತ್ತಲಿಲ್ಲ. "ಅದು ಪಿತ್ತವಲ್ಲವ್ವಾ, ಸೊಪ್ಪಿನ ನಂಜು" ಎಂದೆ. "ನಂಜು ಅಂದರೆ ಸರಿ, ಮುಂಚೇನೇ ಹೇಳಬಾರದಿತ್ತೆ ನಿಮ್ಮ ಪುಸ್ತಕದೋರು?" ಎಂದಳು. ಹಾಸನದ ಪೇಟೆಯಲ್ಲಿ ಕೊಂಡ ರಬ್ಬರಿನ ಕೈಗವಸನ್ನು ಮೂರನೆಯ ಸಾಲಿಗೇ ಬೆವರುತ್ತದೆಂದು ಕಳಚಿ ಬದುವಿನ ಮೇಲಿಟ್ಟಳು. ಅಪ್ಪನ ಹಳೆಯ ತುಂಬುತೋಳಿನ ಅಂಗಿಯನ್ನು ಮಾತ್ರ ಬಿಡಲಿಲ್ಲ. ಈಗ ಮಳೆ ನಿಂತು ಎಲೆಯ ಮೇಲಿನ ನೀರು ಆರುವವರೆಗೆ ಜಗಲಿಯ ಮೇಲೆಯೇ ಕುಳಿತಿರುತ್ತಾಳೆ. ಹೊತ್ತಾಯಿತೆಂದು ಅಪ್ಪ ಗೊಣಗುತ್ತಾರೆ.