ಹಸಿಗಾರೆಯ ಕಾಣಿಕೆ

ಮಂಗಳೂರಿನ ಲೈಟ್‌ಹೌಸ್ ಗುಡ್ಡದ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಗೋಡೆಯಿಂದ ಚಾವಣಿಯವರೆಗೆ ತುಂಬಿಕೊಂಡಿರುವ ಚಿತ್ರಗಳನ್ನು ಬರೆದವರು ಬ್ರದರ್ ಆಂಟೋನಿಯೊ ಮೊಸ್ಕೇನಿ. ಅವರು ಗುರುಗಳಲ್ಲ. ಬಲಿಪೂಜೆ ಅರ್ಪಿಸುವ, ಪಾಪನಿವೇದನೆ ಕೇಳುವ ಅಧಿಕಾರ ಅವರಿಗಿರಲಿಲ್ಲ. ಯೇಸುಸಭೆ ಎಂಬ ಕಥೋಲಿಕ ಧಾರ್ಮಿಕ ಸಂಘದಲ್ಲಿ ಅವರು ಬ್ರದರ್, ಅಂದರೆ ಗುರುದೀಕ್ಷೆ ಪಡೆಯದೆ, ತಾನು ಬಲ್ಲ ಕೆಲಸದಿಂದಲೇ ಸಭೆಗೆ ನೆರವಾಗುವ ಸಹೋದರ. ಮೊಸ್ಕೇನಿಯವರು ಬಲ್ಲ ಕೆಲಸವೆಂದರೆ ಚಿತ್ರ ಬರೆಯುವುದು. ಕ್ರೈಸ್ತ ಸೇವೆಯಲ್ಲಿ ಒಬ್ಬರು ತಮ್ಮ ಪ್ರತಿಭೆಯನ್ನು ಒಪ್ಪಿಸುವುದೆಂದರೆ ಏನೆಂದು ಕೇಳಿದವರಿಗೆ, ಇಂಥ ಒಂದು ಗೋಡೆ ಹೇಗೆ ಆಯಿತೆಂದು ತಿಳಿಸಿದರೆ ಸಾಕು.

ಕೈಕೆಲಸವನ್ನು ದೇವಸೇವೆಯೆಂದು ಕಾಣುವುದು ಬೈಬಲಿನಷ್ಟೇ ಹಳೆಯದು. ವಿಮೋಚನಕಾಂಡದಲ್ಲಿ ದೇವರ ಆರಾಧನೆಯ ಗುಡಾರ ಕಟ್ಟುವ ಹೊತ್ತು ಬಂದಾಗ ಮೋಶೆಗೆ ತೋರಿಸಿಕೊಡಲಾಗುವ ಮನುಷ್ಯ ಬೆಚಲೇಲ. ಅವನು ಚಿನ್ನ, ಬೆಳ್ಳಿ, ತಾಮ್ರಗಳ ಕೆಲಸ ಬಲ್ಲವನು, ರತ್ನ ಕೆತ್ತಬಲ್ಲವನು, ಮರಗೆಲಸವನ್ನೂ ಅರಿತವನು. ದೇವರ ಆತ್ಮದಿಂದ ತುಂಬಿದವನೆಂದು ಆ ಗ್ರಂಥ ಹೆಸರು ಹಿಡಿದು ಹೇಳುವ ಮೊದಲಿಗರಲ್ಲಿ ಇವನೂ ಒಬ್ಬ. ಆ ಮಾತು ಬಂದಿರುವುದು ಅರಸನಿಗಾಗಲಿ ಯಾಜಕನಿಗಾಗಲಿ ಅಲ್ಲ, ಒಬ್ಬ ಕುಶಲಕರ್ಮಿಗೆ. ಹೊಸ ಒಡಂಬಡಿಕೆಯಲ್ಲಿ ಯೊಪ್ಪ ಊರಿನ ದೊರ್ಕಳೂ ಹಾಗೆಯೇ. ಅವಳು ತೀರಿಕೊಂಡಾಗ ವಿಧವೆಯರು ಅಳುತ್ತ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಅಂಗಿಗಳನ್ನು. ರೋಮಾಪುರದವರಿಗೂ ಕೊರಿಂಥದವರಿಗೂ ಪೌಲನು ಬರೆದ ಪತ್ರಗಳಲ್ಲಿ ವರಗಳು ಹಲವು ಬಗೆ, ಎಲ್ಲವೂ ಒಂದೇ ದೇಹದ ಅಂಗಗಳು ಎಂಬ ವಿಚಾರ ಬರುತ್ತದೆ. ಮತ್ತಾಯನ ಸುವಾರ್ತೆಯ ತಲಾಂತುಗಳ ಸಾಮತಿಯಲ್ಲಿ ಬೈಸಿಕೊಳ್ಳುವವನು ಹಣ ಕಳೆದವನಲ್ಲ, ಅದನ್ನು ನೆಲದಲ್ಲಿ ಹೂತಿಟ್ಟವನು.

ಯೇಸುಸಭೆ ಈ ವಿಚಾರಕ್ಕೆ ತನ್ನ ವ್ಯವಸ್ಥೆಯೊಳಗೇ ಜಾಗ ಮಾಡಿಕೊಟ್ಟಿತು. ಅದರ ಬ್ರದರ್‌ಗಳಲ್ಲಿ ಅಡುಗೆಯವರು, ಬಡಗಿಗಳು, ದರ್ಜಿಗಳು, ಔಷಧ ತಯಾರಿಸುವವರು, ಕಟ್ಟಡ ಕಟ್ಟುವವರು ಎಲ್ಲರೂ ಇದ್ದರು. ಚಿತ್ರಕಾರರೂ ಇದ್ದರು. ಅವರಲ್ಲಿ ದೊಡ್ಡ ಹೆಸರು ಆಂದ್ರೆಯಾ ಪೊಟ್ಸೊ (1642–1709). ರೋಮಿನ ಸಂತ ಇಗ್ನೇಷಿಯಸ್ ದೇವಾಲಯಕ್ಕೆ ಗುಮ್ಮಟ ಕಟ್ಟಲಾಗದೆ ಉಳಿದಾಗ ಪೊಟ್ಸೊ 1685ರಲ್ಲಿ ಚಪ್ಪಟೆಯಾದ ಕ್ಯಾನ್‌ವಾಸಿನ ಮೇಲೆ ಗುಮ್ಮಟವನ್ನೇ ಬರೆದು ಮೇಲೇರಿಸಿದರು. ನೆಲದ ಮೇಲೆ ಗುರುತು ಮಾಡಿದ ಜಾಗದಲ್ಲಿ ನಿಂತು ತಲೆಯೆತ್ತಿದರೆ ಕಂಬ, ಕಿಟಕಿ, ಬೆಳಕಿನೊಡನೆ ಗುಮ್ಮಟ ಆಳವಾಗಿ ಕಾಣುತ್ತದೆ. ನಾಲ್ಕು ಹೆಜ್ಜೆ ಸರಿದರೆ ಎಲ್ಲ ವಾಲುತ್ತದೆ. ಆ ಲೆಕ್ಕವನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ದೃಷ್ಟಿಕ್ರಮದ ಬಗ್ಗೆ ಎರಡು ಸಂಪುಟ ಬರೆದು ಪ್ರಕಟಿಸಿದರು. ಇನ್ನೊಬ್ಬರು ಜುಸೆಪ್ಪೆ ಕಾಸ್ತಿಲ್ಯೋನೆ. 1715ರಲ್ಲಿ ಚೀನಾಕ್ಕೆ ಹೋದ ಅವರು ಮೂವರು ಚಕ್ರವರ್ತಿಗಳ ಆಸ್ಥಾನದಲ್ಲಿ ಚಿತ್ರ ಬರೆಯುತ್ತ 1766ರಲ್ಲಿ ಬೀಜಿಂಗಿನಲ್ಲೇ ತೀರಿಕೊಂಡರು. ಅಲ್ಲಿ ರೇಷ್ಮೆಯ ಮೇಲೆ ಬರೆಯುವುದನ್ನು ಕಲಿತರು. ಮುಖದ ಮೇಲೆ ದಟ್ಟ ನೆರಳು ಬಿದ್ದರೆ ಅಲ್ಲಿಯವರಿಗೆ ಹಿಡಿಸದೆಂದು ತಿಳಿದು ತಮ್ಮ ಯುರೋಪಿನ ಅಭ್ಯಾಸವನ್ನು ಸಡಿಲಿಸಿಕೊಂಡರು. ಪ್ರತಿಭೆಯನ್ನು ಒಪ್ಪಿಸುವುದರಲ್ಲಿ ಈ ಬಾಗುವಿಕೆಗೆ ದೊಡ್ಡ ಪಾಲಿದೆ. ಕಲಿತದ್ದನ್ನು ಹಾಗೆಯೇ ಹೊತ್ತುಕೊಂಡು ಹೋಗಿ ಇಳಿಸುವುದು ಸುಲಭ. ಇನ್ನೊಬ್ಬರ ಕಣ್ಣಿಗೆ ಒಗ್ಗುವಂತೆ ಮತ್ತೆ ಕಲಿಯುವುದು ಕಷ್ಟ.

ಮೊಸ್ಕೇನಿ ಈ ಸಾಲಿನವರು. ಉತ್ತರ ಇಟಲಿಯ ಬೆರ್ಗಾಮೊ ಪಟ್ಟಣದ ಬಳಿಯ ಸ್ತೆಟ್ಸಾನೊ ಎಂಬ ಊರಿನಲ್ಲಿ 1854ರಲ್ಲಿ ಹುಟ್ಟಿದರು. ಬೆರ್ಗಾಮೊದ ಕರ್ರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತರು, ರೋಮಿಗೂ ಹೋಗಿ ಅಭ್ಯಾಸ ಮಾಡಿದರು. 1889ರಲ್ಲಿ ಯೇಸುಸಭೆ ಸೇರುವಾಗ ಅವರಿಗೆ ಮೂವತ್ತೈದು ವರ್ಷ; ಕೈ ಪಳಗಿದ್ದ ಚಿತ್ರಕಾರ. ಆ ವಯಸ್ಸಿನಲ್ಲಿ ಬಡತನದ ವ್ರತ ಹಿಡಿಯುವ ಕಲಾವಿದ ಬಿಟ್ಟುಕೊಡುವುದು ಹಣವನ್ನಷ್ಟೇ ಅಲ್ಲ. ಏನು ಬರೆಯಬೇಕು, ಎಲ್ಲಿ ಬರೆಯಬೇಕು, ಬರೆಯಬೇಕೋ ಬೇಡವೋ ಎಂಬ ಆಯ್ಕೆಯೂ ವಿಧೇಯತೆಯ ವ್ರತದೊಡನೆ ಮೇಲಧಿಕಾರಿಗಳ ಕೈಗೆ ಹೋಗುತ್ತದೆ. ಮೊಸ್ಕೇನಿಯವರ ವಿಷಯದಲ್ಲಿ ಸಭೆ ಕುಂಚವನ್ನು ಅವರ ಕೈಗೇ ಮರಳಿಸಿತು. 1899ರಲ್ಲಿ ಅವರು ಮಂಗಳೂರಿಗೆ ಬಂದಿಳಿದರು. ಯೇಸುಸಭೆಯವರು ಮಂಗಳೂರಿಗೆ ಬಂದದ್ದು 1878ರ ಕೊನೆಗೆ, ಕಾಲೇಜು ಆರಂಭವಾದದ್ದು 1880ರಲ್ಲಿ. ಆ ದಶಕದಲ್ಲೇ ಕಟ್ಟಿದ ಚಾಪೆಲ್‌ನ ಒಳಗೋಡೆಗಳು ಮೊಸ್ಕೇನಿಯವರಿಗಾಗಿ ಖಾಲಿ ನಿಂತಿದ್ದವು.

ಗೋಡೆಗಳ ಮೇಲೆ ಅವರು ಆರಿಸಿಕೊಂಡ ವಿಧಾನ ಫ್ರೆಸ್ಕೊ, ಅಂದರೆ ಹಸಿಗಾರೆಯ ಮೇಲಿನ ಚಿತ್ರ. ಚಿತ್ರಕಲೆಯ ಬಗೆಗಳಲ್ಲಿ ಇದರಷ್ಟು ಕಟ್ಟುನಿಟ್ಟಿನದು ಬೇರೆಯಿಲ್ಲ, ಇದರಷ್ಟು ಸೊಗಸಾಗಿ ಮಾಗುವುದೂ ಇಲ್ಲ. ಇದರ ಮೂಲ ಸುಣ್ಣ. ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಗೂಡಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗುಂಡಿಯಲ್ಲಿ ನೀರಿನಡಿ ತಿಂಗಳುಗಟ್ಟಲೆ, ಹಳೆಯ ಕಸುಬುದಾರರು ವರ್ಷಗಟ್ಟಲೆ, ಬಿಡುತ್ತಿದ್ದರು. ಬಿಟ್ಟಷ್ಟೂ ಅದು ಗಟ್ಟಿ ಮೊಸರಿನಂತೆ ನುಣುಪಾಗುತ್ತದೆ. ಇದಕ್ಕೆ ಮರಳು ಬೆರೆಸಿ ಮೊದಲು ಒರಟು ಗಾರೆ ಬಳಿಯುತ್ತಾರೆ, ಅದು ಬಿಗಿದ ಮೇಲೆ ಚಿತ್ರಕ್ಕೆ ಬೇಕಾದ ತೆಳುವಾದ ನಯಗಾರೆ. ನಯಗಾರೆ ಹಸಿಯಾಗಿರುವಾಗಲೇ, ಬರಿ ನೀರಿನಲ್ಲಿ ಅರೆದ ಬಣ್ಣವನ್ನು ಅದರ ಮೇಲೆ ಹಚ್ಚಬೇಕು. ಬಣ್ಣಕ್ಕೆ ಅಂಟು ಬೆರೆಸುವ ಹಾಗಿಲ್ಲ, ಬೆರೆಸುವ ಅಗತ್ಯವೂ ಇಲ್ಲ. ಗಾರೆ ಒಣಗುತ್ತ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಬಣ್ಣದ ಕಣಗಳು ಆ ಕಲ್ಲಿನ ಹರಳುಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಆಮೇಲೆ ಚಿತ್ರವಿರುವುದು ಗೋಡೆಯ ಮೇಲಲ್ಲ, ಗೋಡೆಯೊಳಗೆ.

ಇದಕ್ಕೆಲ್ಲ ಸಿಗುವ ಕಾಲ ಸುಮಾರು ಒಂದು ಹಗಲು. ಆದ್ದರಿಂದ ಒಂದು ದಿನದಲ್ಲಿ ಮುಗಿಯುವಷ್ಟು ಜಾಗಕ್ಕೆ ಮಾತ್ರ ನಯಗಾರೆ ಬಳಿಯುತ್ತಾರೆ. ಒಂದು ದಿನ ಒಂದು ಮುಖ, ಮರುದಿನ ಒಂದು ಮೇಲಂಗಿ, ಇನ್ನೊಂದು ದಿನ ಅಷ್ಟಗಲದ ಆಕಾಶ. ಸಂಜೆಗೆ ಬರೆಯದೆ ಉಳಿದ ಗಾರೆಯನ್ನು ಅಂಚು ನೋಡಿ ಓರೆಯಾಗಿ ಕೊಯ್ದು ತೆಗೆಯಬೇಕು. ಮರುದಿನದ ಗಾರೆ ಆ ಅಂಚಿಗೆ ಬಂದು ಕೂಡಬೇಕು. ಹೀಗಾಗಿ ಕೂಡುಗೆರೆಗಳನ್ನು ಬಟ್ಟೆಯ ಮಡಿಕೆಯಲ್ಲೋ ಕಂಬದ ಅಂಚಿನಲ್ಲೋ ಅಡಗಿಸುವ ಯೋಚನೆ ಮೊದಲೇ ಆಗಿರಬೇಕು. ಕೆಲಸ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಮುಗಿದ ಭಾಗದ ಮೇಲೆ ಬಣ್ಣ ತೊಟ್ಟಿಕ್ಕಬಾರದಲ್ಲ. ಗೋಡೆಯಳತೆಯ ಕಾಗದದ ಮೇಲೆ ನಕ್ಷೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಗಾರೆಗೆ ಒತ್ತಿ ಹಿಡಿದು ಇದ್ದಿಲ ಪುಡಿಯ ಚೀಲವನ್ನು ತಟ್ಟಿದರೆ ಕಪ್ಪು ಚುಕ್ಕೆಗಳ ಸಾಲಿನಲ್ಲಿ ಚಿತ್ರ ಮೂಡುತ್ತದೆ. ಬಣ್ಣ ಹಸಿಯಲ್ಲಿ ಕಾಣುವುದಕ್ಕಿಂತ ಒಣಗಿದಾಗ ತಿಳಿಯಾಗುತ್ತದೆ. ನಿನ್ನೆಯ ಒಣಗಿದ ಕೆಂಪಿಗೆ ಇಂದಿನ ಹಸಿ ಕೆಂಪನ್ನು ಹೊಂದಿಸುವುದು ಅನುಭವವೊಂದರಿಂದಲೇ ಆಗುವ ಮಾತು. ಸುಣ್ಣದ ಕ್ಷಾರವನ್ನು ಎಲ್ಲ ಬಣ್ಣಗಳೂ ತಡೆಯವು. ಕಾವಿಮಣ್ಣು, ಹಳದಿ ಮಣ್ಣು, ಹಸಿರು ಮಣ್ಣು, ಇದ್ದಿಲ ಕಪ್ಪು, ಸುಣ್ಣದ್ದೇ ಬಿಳಿ ನಂಬಿಕೆಯವು; ಸೀಸದ ಬಿಳಿ ಕಾಲ ಕಳೆದಂತೆ ಕಪ್ಪಾಗಿಬಿಡುತ್ತದೆ. ತಪ್ಪಿದರೆ ಒರೆಸುವಂತಿಲ್ಲ. ಆ ದಿನದ ಗಾರೆಯನ್ನೇ ಕೆತ್ತಿ ತೆಗೆದು ಮತ್ತೆ ಬಳಿಯಬೇಕು.

ಈ ಅವಸರ ಒಗ್ಗದ ಲಿಯೊನಾರ್ಡೊ ಮಿಲಾನಿನಲ್ಲಿ ಕಡೆಯ ಭೋಜನವನ್ನು ಒಣ ಗೋಡೆಯ ಮೇಲೆ ಬರೆದರು. ನಿಧಾನಕ್ಕೆ ತಿದ್ದುತ್ತ ಬರೆಯಲು ಅನುಕೂಲವಾಯಿತು, ಆದರೆ ಅವರ ಜೀವಿತಕಾಲದಲ್ಲೇ ಬಣ್ಣದ ಪದರ ಏಳತೊಡಗಿತು. ಹಸಿಗಾರೆ ಹೇಳಿದಂತೆ ಕೇಳಿದವನಿಗೆ ಮಾತ್ರ ಒಲಿಯುತ್ತದೆ. ವ್ರತ ಹಿಡಿದ ಒಬ್ಬ ಬ್ರದರ್‌ಗೆ ಇದಕ್ಕಿಂತ ತಕ್ಕ ಕಲೆಯನ್ನು ಊಹಿಸುವುದು ಕಷ್ಟ. ಇಲ್ಲಿ ಗಂಟೆಗೆ ಬದ್ಧರಾಗಿರಬೇಕು, ದಿನದ ಪಾಲನ್ನು ದಿನವೇ ಮುಗಿಸಬೇಕು, ಸ್ಫೂರ್ತಿ ಬರಲೆಂದು ಕಾಯುವಂತಿಲ್ಲ. ಗಾರೆ ಬಳಿಯುವವನ ಕೈ ಒರಟಾದರೆ ಚಿತ್ರಕಾರನ ಕೈಯಿಂದ ಪ್ರಯೋಜನವಿಲ್ಲವಾದ್ದರಿಂದ ಇದು ಒಬ್ಬರ ಕೆಲಸವೂ ಅಲ್ಲ. ಸುಣ್ಣ ಅರೆಯುವವರು, ಅಟ್ಟಣಿಗೆ ಕಟ್ಟುವವರು, ಬಣ್ಣ ಅರೆದುಕೊಡುವವರು ಎಲ್ಲರ ಕೌಶಲವೂ ಅದೇ ಗೋಡೆಯೊಳಗೆ ಸೇರಿಹೋಗುತ್ತದೆ, ಹೆಸರು ಉಳಿಯುವುದು ಒಬ್ಬರದೇ ಆದರೂ.

ಕರಾವಳಿಗೆ ಗಾರೆಯ ಮೇಲಿನ ಕಲೆ ಹೊಸತೇನಲ್ಲ. ಗೋವಾದಿಂದ ಕರ್ನಾಟಕದ ಕರಾವಳಿಯವರೆಗೆ ಹಳೆಯ ದೇವಸ್ಥಾನಗಳ, ಮನೆಗಳ ಗೋಡೆಗಳಲ್ಲಿ ಕಾವಿ ಕಲೆಯಿದೆ. ಸುಣ್ಣದ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಹಸಿಯಿರುವಾಗಲೇ ಮೊನೆಯಿಂದ ಕೆರೆದು ಬಿಳಿಯನ್ನು ಹೊರತರುವ ವಿಧಾನ ಅದು. ಫ್ರೆಸ್ಕೊಗೂ ಇದಕ್ಕೂ ರಸಾಯನ ಒಂದೇ. ಆದರೆ ಇಲ್ಲಿನ ಹವೆ ಇಟಲಿಯದಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ತೇವದ ಗಾಳಿಯಲ್ಲಿ ಗಾರೆ ನಿಧಾನವಾಗಿ ಒಣಗುವುದು ಚಿತ್ರಕಾರನಿಗೆ ಒಂದಿಷ್ಟು ಅನುಕೂಲವೇ. ಗೋಡೆಯೊಳಗೆ ನೀರಿಳಿದರೆ ಮಾತ್ರ ಉಪ್ಪು ಮೇಲೆದ್ದು ಚಿತ್ರ ಹೊಪ್ಪಳೆ ಕೀಳುತ್ತದೆ.

ಚಾವಣಿಗೆ ಮೊಸ್ಕೇನಿ ಬೇರೆ ದಾರಿ ಹಿಡಿದರು. ಅಲ್ಲಿರುವುದು ಕ್ಯಾನ್‌ವಾಸಿನ ಮೇಲಿನ ತೈಲಚಿತ್ರಗಳು. ಚಾವಣಿಯ ನಡುಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಸಾಗರ ಜೀವನವಿದೆ, ಇಳಿಜಾರಿನಲ್ಲಿ ಪ್ರೇಷಿತರು, ಗೋಡೆಗಳಲ್ಲಿ ಯೇಸುಸ್ವಾಮಿಯ ಬದುಕಿನ ದೃಶ್ಯಗಳು. ಕಾಲೇಜಿನ ಚಾಪೆಲ್‌ಗೆ ಅಲೋಶಿಯಸ್‌ರ ಕಥೆಯೇ ಏಕೆಂಬುದು ಸ್ಪಷ್ಟ. 1568ರಲ್ಲಿ ದೊಡ್ಡ ಮನೆತನದ ಹಿರಿಯ ಮಗನಾಗಿ ಹುಟ್ಟಿ, ಪಟ್ಟದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದ ಹುಡುಗ ಅವರು. ರೋಮಿನಲ್ಲಿ ಸಾಂಕ್ರಾಮಿಕ ಹಬ್ಬಿದಾಗ ರೋಗಿಗಳ ಆರೈಕೆಗೆ ನಿಂತು, ತಾವೂ ಬೇನೆ ತಗಲಿಸಿಕೊಂಡು 1591ರ ಜೂನ್ 21ರಂದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹೆಸರಾದದ್ದು ಚಿತ್ರಕ್ಕಾಗಲಿ ಅಂಥ ಬೇರೆ ಕೌಶಲಕ್ಕಾಗಲಿ ಅಲ್ಲ. ಅವರಿಗಿದ್ದದ್ದು ರೋಗಿಯನ್ನು ಎತ್ತಿಕೊಳ್ಳಲು ಹೇಸದ ಕೈ. ಆ ಕೈಯನ್ನು ಇನ್ನೊಂದು ಬಗೆಯ ಕೈ ಚಾವಣಿಗೇರಿಸಿದ್ದನ್ನು ನೋಡಿದರೆ, ವರಗಳಲ್ಲಿ ಮೇಲು ಕೀಳು ಹುಡುಕುವುದು ವ್ಯರ್ಥವೆನಿಸುತ್ತದೆ.

ಸುಮಾರು ಎರಡೂವರೆ ವರ್ಷದಲ್ಲಿ, 1901ರ ಹೊತ್ತಿಗೆ, ಕೆಲಸ ಮುಗಿಯಿತು. ಅದೇ ಊರಿನಲ್ಲಿ ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಅರ್ಧ ಶತಮಾನಕ್ಕೂ ಹಿಂದಿನಿಂದ ಕಸುಬುದಾರರನ್ನು ಸೇವೆಗೆ ಕರೆತರುತ್ತಿತ್ತು. ನೇಯ್ಗೆ ಬಲ್ಲ ಹಾಲರ್ ಮಗ್ಗ ಹೂಡಿಸಿದರು, ಯಂತ್ರಗಳ ಕೆಲಸ ಬಲ್ಲ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು, ಭಾಷೆಯ ಕಿವಿಯಿದ್ದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಮುದ್ರಣಾಲಯದಿಂದಲೇ ಹೊರಬಂತು. ಪಂಗಡ ಬೇರೆ, ಉಪಾಸನೆ ಬೇರೆ. ಆದರೂ ಬಲ್ಲ ಕೆಲಸವನ್ನೇ ಕಾಣಿಕೆಯಾಗಿಸುವ ರೀತಿಯಲ್ಲಿ ಎರಡು ಕಡೆಯವರೂ ನೆಂಟರು. ಕರಾವಳಿಯ ಮನೆಗಳ ಮಾಡಿನ ಕೆಂಪೂ ಕನ್ನಡದ ನಿಘಂಟೂ ಈ ರೀತಿಯಿಂದ ನಾಡಿಗೆ ಸಿಕ್ಕಿದವು.

ಮಂಗಳೂರಿನ ಬಳಿಕ ಮೊಸ್ಕೇನಿಯವರನ್ನು ಬೇರೆ ಊರುಗಳ ಇಗರ್ಜಿಗಳೂ ಕರೆದವು. ಕೊನೆಯದು ಕೊಚ್ಚಿಯ ಸಾಂತಾಕ್ರೂಜ್ ಮಹಾದೇವಾಲಯ. ಅಲ್ಲಿ ಯೇಸುಸ್ವಾಮಿಯ ಯಾತನೆಯ ದೃಶ್ಯಗಳನ್ನೂ ಲಿಯೊನಾರ್ಡೊ ಮಾದರಿಯನ್ನು ಅನುಸರಿಸಿದ ಕಡೆಯ ಭೋಜನವನ್ನೂ ಬರೆದರು. ಆ ದೇವಾಲಯದ ಪ್ರತಿಷ್ಠಾಪನೆ 1905ರ ನವೆಂಬರ್ 19ರಂದು ನಡೆಯಿತು. ಅದಕ್ಕೆ ಕೆಲವೇ ದಿನ ಮೊದಲು, ಐವತ್ತೊಂದನೆಯ ವಯಸ್ಸಿನಲ್ಲಿ, ಮೊಸ್ಕೇನಿ ಕೊಚ್ಚಿಯಲ್ಲಿ ತೀರಿಕೊಂಡಿದ್ದರು.

ಮಳೆನಾಡಿನ ಗೋಡೆಯ ಚಿತ್ರಕ್ಕೆ ಬರೆದವರ ಪ್ರತಿಭೆಯಷ್ಟೇ ಕಾಯುವವರ ಕೌಶಲವೂ ಬೇಕು. ಮಂಗಳೂರಿನ ಚಾಪೆಲ್‌ನ ಚಿತ್ರಗಳನ್ನು 1990ರ ದಶಕದ ಮೊದಲ ವರ್ಷಗಳಲ್ಲಿ ಪರಂಪರೆಯ ಸಂರಕ್ಷಣೆಗಾಗಿರುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಸಂರಕ್ಷಿಸಿದರು. ಸಂರಕ್ಷಕರ ಕೆಲಸದಲ್ಲಿ ಸ್ವಂತ ಕೈ ಕಾಣಬಾರದೆಂಬುದೇ ನಿಯಮ. ಮೊದಲು ಮಾಡಿನ ಸೋರುವಿಕೆ ನಿಲ್ಲಬೇಕು. ಸಡಿಲವಾದ ಗಾರೆಯ ಹಿಂದೆ ಅಂಟನ್ನು ಹನಿಹನಿಯಾಗಿ ಇಳಿಸಿ ಗೋಡೆಗೆ ಕೂರಿಸಬೇಕು. ಮಸಿ, ಧೂಳು, ಹಳೆಯ ಮೆರುಗನ್ನು ಅಂಗುಲ ಅಂಗುಲವಾಗಿ ತೆಗೆಯಬೇಕು. ಬಣ್ಣ ಉದುರಿದ ಜಾಗವನ್ನಷ್ಟೇ, ಮುಂದೆ ಬೇಕಾದರೆ ತೊಳೆದು ತೆಗೆಯಬಹುದಾದ ಬಣ್ಣದಿಂದ ತುಂಬಬೇಕು, ಪಕ್ಕದ ಮೂಲ ಗೆರೆಯನ್ನು ಕುಂಚದ ತುದಿಯೂ ದಾಟಬಾರದು.