ನಮೀಬಿಯಾಕ್ಕೆ ಹೊರಟವರು

ನಮ್ಮ ಹತ್ರ ‘ಆಫ್ರಿಕಾ ಫೈನಲ್ 3’ ಅಂತ ಒಂದು ಎಕ್ಸೆಲ್ ಫೈಲ್ ಇದೆ. ಮಿನಿ ಪ್ರಾಜೆಕ್ಟ್ ರಿಪೋರ್ಟ್‌ಗೂ ನಾವು ಇಷ್ಟು ಕಷ್ಟಪಟ್ಟಿಲ್ಲ. ಐದನೇ ಸೆಮಿಸ್ಟರ್ ಪೂರ್ತಿ ಕ್ಯಾಂಟೀನಿನ ಮೂಲೆ ಟೇಬಲ್ ಹಿಡಿದು ಕೂತು ಮಾಡಿದ ಫೈಲ್ ಅದು. ಅದರಲ್ಲಿರೋದು ಬೇಟೆಗೆ ಹೋಗುವ ಖರ್ಚುವೆಚ್ಚ. ಹೌದು, ಬೇಟೆಗೇ. ಕೋವಿ ಹಿಡಿದು, ಪ್ರಾಣಿ ಹೊಡೆಯುವ ಬೇಟೆ.

ನಾವು ನಾಲ್ಕು ಜನ. ಒಬ್ಬ ವಿರಾಜಪೇಟೆ ಕಡೆಯವನು, ಮೆಕ್ಯಾನಿಕಲ್. ಇನ್ನೊಬ್ಬ ಮಧುಗಿರಿ ತಾಲ್ಲೂಕಿನವನು, ಸಿವಿಲ್. ಉಳಿದಿಬ್ಬರು ಇಲ್ಲೇ ಆರ್.ಟಿ. ನಗರ, ಯಲಹಂಕ ನ್ಯೂ ಟೌನಿನವರು. ಹೆಸರು ಹಾಕಿದರೆ ಮನೆಯಲ್ಲಿ ಓದುತ್ತಾರೆ, ಆದ್ದರಿಂದ ಇಷ್ಟು ಸಾಕು.

ಇದೆಲ್ಲ ಶುರುವಾದದ್ದು ಮೆಕ್ಯಾನಿಕಲ್‌ನವನ ತಾತನಿಂದ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ನಾವೆಲ್ಲ ಅವನ ಮನೆಗೆ ಹೋಗಿದ್ದೆವು. ಕೋವಿಗೆ ‘ತೋಕ್ ಪೂ’ ಸಿಕ್ಕಿಸಿ ಪೂಜೆ ಮಾಡುವುದನ್ನು ಬೆಂಗಳೂರಿನವರಾದ ನಾವು ಮೊದಲ ಸಲ ನೋಡಿದ್ದು ಅಲ್ಲಿ. ಕೊಡವರಿಗೂ ಜಮ್ಮಾ ಭೂಮಿ ಹೊಂದಿದವರಿಗೂ ಕೋವಿಗೆ ಲೈಸೆನ್ಸ್ ಬೇಕಿಲ್ಲ, ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ತಾತನ ಜೋಡಿ ನಳಿಗೆ ಕೋವಿ ಈಗ ಅಷ್ಟಕ್ಕೆ, ಮತ್ತೆ ಹಬ್ಬದಲ್ಲಿ ತೆಂಗಿನಕಾಯಿಗೆ ಹೊಡೆಯುವುದಕ್ಕೆ ಮಾತ್ರ.

ತಾತನಿಗೆ 79. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಅವರಿನ್ನೂ ಮೂವತ್ತು ಮುಟ್ಟಿರಲಿಲ್ಲ. “ಸರ್ಕಾರ ಮಾಡಿದ್ದು ಸರಿ. ನಾವು ಬಿಟ್ಟಿದ್ದರೆ ಏನೂ ಉಳೀತಿರಲಿಲ್ಲ,” ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಆದರೂ ಒಂದು ಆಸೆ ಇತ್ತಪ್ಪ. ಆಫ್ರಿಕಾ,” ಅಂದರು. ಮೈಸೂರಿನಲ್ಲಿ ಓದುವಾಗ ‘ಹಟಾರಿ’ ಸಿನಿಮಾ ನೋಡಿದ್ದರಂತೆ. ಅದು 1962ರ ಸಿನಿಮಾ. ಅದರಲ್ಲಿ ಪ್ರಾಣಿ ಹೊಡೆಯಲ್ಲ, ಝೂಗೆ ಅಂತ ಹಿಡೀತಾರೆ ಅಷ್ಟೆ. ಹಾಗಂದರೆ ತಾತ ಒಪ್ಪುವುದಿಲ್ಲ. “ಬಯಲು ನೋಡಿದ್ಯಾ ಅದು? ನಮ್ಮ ಕಾಡಲ್ಲಿ ಹತ್ತು ಮಾರು ಆಚೆ ಏನೂ ಕಾಣಲ್ಲ. ಅಲ್ಲಿ ಪ್ರಾಣಿ ನಿನ್ನ ನೋಡ್ತದೆ, ನೀನು ಪ್ರಾಣಿನ ನೋಡ್ತೀಯ. ಅದು ಬೇಟೆ.”

ವಾಪಸ್ ಬರುವ ಬಸ್ಸಿನಲ್ಲೇ ಪ್ಲಾನ್ ಶುರು. ಪ್ಲೇಸ್‌ಮೆಂಟ್ ಆದ ಮೊದಲ ವರ್ಷದ ಸಂಬಳ ಕೂಡಿಟ್ಟು ತಾತನನ್ನು ಕರೆದುಕೊಂಡು ಹೋಗುವುದು. ಇನ್ನೂ ಆಫರ್ ಲೆಟರೇ ಬಂದಿಲ್ಲ ಅನ್ನೋದು ಬೇರೆ ಮಾತು.

ಹುಡುಕುತ್ತಾ ಹೋದಂತೆ ಗೊತ್ತಾದ ವಿಷಯಗಳು ಮಜವಾಗಿದ್ದವು. ಆನೆ, ಸಿಂಹ, ಕಾಡೆಮ್ಮೆ ಥರದ್ದನ್ನು ಅಲ್ಲಿ ಅಪಾಯದ ಬೇಟೆ ಅಂತ ಬೇರೆ ಇಡುತ್ತಾರೆ. ಬಯಲಿನ ಹುಲ್ಲು, ಕುರುಚಲು ಮೇಯುವ ಕುಡು, ಗೆಮ್ಸ್‌ಬಾಕ್, ಸ್ಪ್ರಿಂಗ್‌ಬಾಕ್, ಇಂಪಾಲ, ವೈಲ್ಡ್‌ಬೀಸ್ಟ್, ಕಾಡುಹಂದಿ ಜಾತಿಯ ವಾರ್ಟ್‌ಹಾಗ್ ಇವೆಲ್ಲ ‘ಪ್ಲೇನ್ಸ್ ಗೇಮ್’. ಅದರ ಅರ್ಥ ಬಯಲು ಬೇಟೆ ಅಷ್ಟೆ. ಕೀನ್ಯಾದಲ್ಲಿ 1977ರಲ್ಲೇ ಬೇಟೆ ನಿಂತಿದೆ. ಬೋಟ್ಸ್ವಾನಾ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ತೆರೆಯಿತು. ನಾವು ಆರಿಸಿದ್ದು ನಮೀಬಿಯಾ. ಅಲ್ಲಿ ಫೆಬ್ರವರಿಯಿಂದ ನವೆಂಬರ್ ತನಕ ಬೇಟೆ ಕಾಲ. ನಮಗೆ ಬೇಕಾದ್ದು ಜೂನ್, ಜುಲೈ. ಅಲ್ಲಿನ ಚಳಿಗಾಲ ಅದು, ಎಲೆ ಉದುರಿರುತ್ತೆ, ಪ್ರಾಣಿಗಳು ನೀರಿಗೆ ಬರುತ್ತವೆ.

ಲೆಕ್ಕ ಹೀಗಿದೆ. ದಿನಕ್ಕೆ ಇಷ್ಟು ಅಂತ ಗೈಡ್, ಊಟ, ವಸತಿ ಸೇರಿಸಿ ಒಂದು ದರ. ಅದರ ಮೇಲೆ ಹೊಡೆದ ಪ್ರಾಣಿಗೆ ಒಂದೊಂದಕ್ಕೆ ಬೇರೆ ಬೆಲೆ. ಹೋಟೆಲ್ ಮೆನು ಥರ. ನಾವು ನೋಡಿದ ಪಟ್ಟಿಗಳಲ್ಲಿ ಸ್ಪ್ರಿಂಗ್‌ಬಾಕ್‌ಗೆ ಕೆಲವು ನೂರು ಡಾಲರ್, ಸುರುಳಿ ಕೊಂಬಿನ ದೊಡ್ಡ ಕುಡುಗೆ ಸಾವಿರಗಳಲ್ಲಿ. ಮುಖ್ಯವಾದ ಷರತ್ತು ಒಂದಿದೆ: ಗಾಯವಾಗಿ ತಪ್ಪಿಸಿಕೊಂಡು ಹೋದರೂ ಪೂರ್ತಿ ಹಣ ಕೊಡಬೇಕು. ಒಂದು ಹನಿ ರಕ್ತ ಬಿದ್ದರೆ ಬಿಲ್. ತಾತನಿಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ಹಿಡಿಸಿದ ಏಕೈಕ ನಿಯಮ ಅದು. “ನಮ್ಮಲ್ಲೂ ಆ ರೂಲ್ಸ್ ಇದ್ದಿದ್ದರೆ ಅರ್ಧ ಜನ ಕೋವಿ ಮುಟ್ಟುತ್ತಿರಲಿಲ್ಲ.”

ಮೆಕ್ಯಾನಿಕಲ್‌ನವನು ಗುಂಡಿನ ಲೆಕ್ಕವನ್ನೂ ಹಾಕಿದ. ಸೆಕೆಂಡಿಗೆ 800 ಮೀಟರ್ ಹೋಗುವ ಗುಂಡಿಗೆ 150 ಮೀಟರ್ ದಾಟಲು 0.19 ಸೆಕೆಂಡ್. ಗಾಳಿಯ ತಡೆ ಬಿಟ್ಟರೆ ಅಷ್ಟರಲ್ಲಿ 17 ಸೆಂಟಿಮೀಟರ್ ಕೆಳಗಿಳಿಯುತ್ತೆ. ಅದನ್ನು ದುರ್ಬೀನಿನಲ್ಲಿ ಸರಿಮಾಡಬಹುದು. ಆದರೆ ಗಂಟೆಗೆ 80 ಕಿಲೋಮೀಟರ್ ಓಡುವ ಪ್ರಾಣಿ ಅದೇ ಹೊತ್ತಿಗೆ ನಾಲ್ಕು ಮೀಟರ್ ಮುಂದೆ ಹೋಗಿರುತ್ತೆ. ಆದ್ದರಿಂದ ನಿಂತ ಪ್ರಾಣಿಗೆ ಮಾತ್ರ, ಮೂರು ಕಾಲಿನ ಕೋಲಿನ ಮೇಲೆ ರೈಫಲ್ ಇಟ್ಟು ಹೊಡೆಯಬೇಕು. ಮೊದಲ ದಿನ ಕಾಗದದ ಗುರಿಗೆ ಹೊಡೆಸಿ ನೋಡುತ್ತಾರೆ. ಇಲ್ಲಿಂದ ಕೋವಿ ಹೊತ್ತು ಹೋಗುವ ತಲೆನೋವು ಬೇಡ, ಅಲ್ಲೇ ಬಾಡಿಗೆಗೆ ಸಿಗುತ್ತೆ. ಪ್ರೊಜೆಕ್ಟೈಲ್ ಮೋಷನ್ ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳುತ್ತಿದ್ದವರಿಗೆ ಇದು ಉತ್ತರ.

ಬೆಂಗಳೂರಿನಿಂದ ವಿಂಡ್‌ಹುಕ್‌ಗೆ ನೇರ ವಿಮಾನ ಇಲ್ಲ. ಅಡಿಸ್ ಅಬಾಬಾ ಮೇಲೆ ಹೋಗುವ ದಾರಿ ಹಿಡಿದರೆ ಹಳದಿ ಜ್ವರದ ಲಸಿಕೆಯ ಮಾತು ಬರುತ್ತೆ. ಅರವತ್ತು ದಾಟಿದವರಿಗೆ ಆ ಲಸಿಕೆ ಕೊಡಲು ಡಾಕ್ಟರುಗಳು ಹಿಂದೆಮುಂದೆ ನೋಡುತ್ತಾರೆ. ಇದು ಗೊತ್ತಾದ ದಿನ ಆರ್.ಟಿ. ನಗರದವಳು ಆ ಸಾಲಿಗೆ ಕೆಂಪು ಬಣ್ಣ ತುಂಬಿದಳು. ಅದು ಇವತ್ತಿಗೂ ಕೆಂಪಾಗಿಯೇ ಇದೆ.

ಇಷ್ಟು ದಿನ ಸಿವಿಲ್‌ನವನು ಮಾತೇ ಆಡಿರಲಿಲ್ಲ. ಟೀ ಕುಡಿಯುತ್ತಾ ಕೇಳುತ್ತಿದ್ದ. ನಾವು ಒಂದು ಸ್ಪ್ರಿಂಗ್‌ಬಾಕ್‌ಗೆ ಎಷ್ಟು ರೂಪಾಯಿ ಆಗುತ್ತೆ ಅಂತ ಜೋರಾಗಿ ಓದಿದಾಗ ಅವನು ಲೋಟ ಇಟ್ಟ. “ಒಂದಕ್ಕಾ?” ಅಂದ. ಹೌದು ಅಂದೆವು. “ನಮ್ಮ ಹೊಲದಲ್ಲಿ ರಾತ್ರಿಗೆ ಮೂವತ್ತು ನಲವತ್ತು ಬರ್ತಾವೆ ಕಣ್ರೋ. ನಮ್ಮಪ್ಪ ತಗಡು ಬಡ್ಕೊಂಡು ಕೂತಿರ್ತಾರೆ.”

ಅವನ ಊರು ಮೈದನಹಳ್ಳಿ ಹತ್ತಿರ. ಅಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ ಅಂತ ನಮಗೆ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಗೊತ್ತು. ಯಲಹಂಕದಿಂದ ಎರಡೂವರೆ ಗಂಟೆ ದಾರಿ. ಸುಮಾರು 798 ಎಕರೆ ಹುಲ್ಲುಗಾವಲು, 2007ರಲ್ಲಿ ಘೋಷಣೆ ಆದದ್ದು. 798 ಎಕರೆ ಅಂದರೆ ಮೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಕೃಷ್ಣಮೃಗಕ್ಕೆ ಬೇಲಿ, ಸರ್ವೆ ನಂಬರು ಗೊತ್ತಿಲ್ಲವಲ್ಲ. ಹುಲ್ಲು ಒಣಗಿದಾಗ ಪಕ್ಕದ ಕಡಲೆಕಾಯಿ ಹೊಲ ಹಸಿರಾಗಿ ಕಾಣುತ್ತೆ, ಬರುತ್ತವೆ.

ಮೂರು ವರ್ಷ ಒಟ್ಟಿಗೆ ಓದಿದ್ದೇವೆ, ಇದನ್ನು ಅವನು ಒಮ್ಮೆಯೂ ಹೇಳಿರಲಿಲ್ಲ. ನಾವು ಕೇಳಿರಲೂ ಇಲ್ಲ.

ಡಿಸೆಂಬರಿನಲ್ಲಿ ತಾತ ಕಣ್ಣು ತೋರಿಸಲು ಬೆಂಗಳೂರಿಗೆ ಬಂದರು. ಎರಡು ಕಣ್ಣಿಗೂ ಪೊರೆ. ಆಪರೇಷನ್‌ಗೆ ಒಂದು ವಾರ ಇತ್ತು. ಆರ್.ಟಿ. ನಗರದವಳ ಅಪ್ಪನ ಕಾರು ಬೇಡಿ ತಂದು ಬೆಳಗ್ಗೆ ನಾಲ್ಕಕ್ಕೆ ಹೊರಟೆವು. ದೊಡ್ಡಬಳ್ಳಾಪುರ ದಾಟುವ ತನಕ ತಾತ ನಿದ್ದೆ. ಗೌರಿಬಿದನೂರಿನಲ್ಲಿ ಕಾಫಿ ಕುಡಿದು ಎದ್ದು ಕೂತರು. ಕೊಡಗಿನವರ ಮುಂದೆ ಆ ಕಾಫಿಯ ಬಗ್ಗೆ ನಾವು ಏನೂ ಕೇಳಲಿಲ್ಲ.

ಹೊಲದ ಬದುವಿನ ಮೇಲೆ ಸಿವಿಲ್‌ನವನ ಅಪ್ಪ ಕಂಬಳಿ ಹೊದ್ದು ನಿಂತಿದ್ದರು. ರಾತ್ರಿ ಕಾವಲು ಮುಗಿಸಿ ಮನೆಗೂ ಹೋಗಿರಲಿಲ್ಲ. ತಾತನಿಗೆ ನಮಸ್ಕಾರ ಮಾಡಿ ಮೊದಲು ಕೇಳಿದ್ದು, “ಬುದ್ಧಿ, ಕೋವಿ ತಂದಿದ್ದೀರಾ?” ಮಗ ಎಲ್ಲ ಹೇಳಿಬಿಟ್ಟಿದ್ದಾನೆ. ತಾತ ನಕ್ಕು, “ತಂದಿದ್ದರೆ ಇಬ್ಬರೂ ಜೈಲಿಗೆ ಹೋಗ್ತಿದ್ವಿ,” ಅಂದರು. ಸುಳ್ಳಲ್ಲ. ಕೃಷ್ಣಮೃಗ ಮೊದಲನೇ ಶೆಡ್ಯೂಲಿನಲ್ಲಿದೆ; ಹೊಡೆದರೆ ಕನಿಷ್ಠ ಮೂರು ವರ್ಷ, ಏಳರ ತನಕ.

ಬೆಳಕು ಬಂದ ಹಾಗೆ ಕಾಣಿಸಿದವು. ಕಂದು ಬಣ್ಣದ ಹೆಣ್ಣುಗಳು, ಮರಿಗಳು, ಇಪ್ಪತ್ತಾರು ಎಣಿಸಿದೆವು. ಸ್ವಲ್ಪ ದೂರದಲ್ಲಿ ಒಂಟಿ ಗಂಡು, ಮೇಲೆಲ್ಲ ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಕೊಂಬು. ತಲೆ ಹಿಂದಕ್ಕೆ ಹಾಕಿ, ಮೂಗು ಮುಂದೆ ಮಾಡಿ, ಪ್ರಿನ್ಸಿಪಾಲ್ ಕಾರಿಡಾರಿನಲ್ಲಿ ಬಂದ ಹಾಗೆ ನಡೆಯುತ್ತಿತ್ತು. “ಎಲ್ಲಿ?” ಅಂದರು ತಾತ. ಪೊರೆ ಬಂದ ಕಣ್ಣಿಗೆ ಬಯಲೆಲ್ಲ ಮಂಜು. ಮೊಮ್ಮಗ ಹಿಂದೆ ನಿಂತು ಅವರ ತೋಳು ಹಿಡಿದು ದಿಕ್ಕು ತೋರಿಸಿದ. ತಾತ ಊರುಗೋಲನ್ನು ನಿಧಾನಕ್ಕೆ ಭುಜಕ್ಕೆ ಎತ್ತಿದರು. ಕೆನ್ನೆ ಕೋಲಿಗೆ ತಾಗಿತು, ಎಡಗಾಲು ಅರ್ಧ ಹೆಜ್ಜೆ ಮುಂದೆ ಹೋಯಿತು. ಅಲ್ಲಿ ತನಕ ನಡುಗುತ್ತಿದ್ದ ಕೈ ನಿಂತಿತ್ತು. ನಾವು ಉಸಿರು ಬಿಡಲಿಲ್ಲ. ಎಷ್ಟು ಹೊತ್ತೋ. ಆಮೇಲೆ ಕೋಲು ಇಳಿಸಿ, “ಕಾಣಲಿಲ್ಲ. ಕಪ್ಪಗೆ ಏನೋ ಅಲ್ಲಾಡ್ತು ಅಷ್ಟೆ. ಕಾಣದ್ದಕ್ಕೆ ಹೊಡೀಬಾರದು,” ಅಂದರು.

ಅಷ್ಟರಲ್ಲಿ ಯಾವುದಕ್ಕೋ ಬೆದರಿ ಹಿಂಡೆಲ್ಲ ಜಿಗಿಯಿತು. ಅದು ಮಾತ್ರ ತಾತನಿಗೂ ಕಂಡಿತಂತೆ. ಜಿಗಿದದ್ದು ಕಡಲೆಕಾಯಿ ಹೊಲದ ಮೇಲೆಯೇ. ಸಿವಿಲ್‌ನವನ ಅಪ್ಪ ನಮ್ಮ ಮುಖ ನೋಡಿದರು. “ನಿಮಗೆ ಚೆಂದ ಕಾಣ್ತದೆ. ನಂಗೂ ಚೆಂದವೇ, ಪಕ್ಕದವನ ಹೊಲದಲ್ಲಿ ಇದ್ದಾಗ.”

ಮನೆಯಲ್ಲಿ ರಾಗಿಮುದ್ದೆ, ಅವರೆಕಾಳಿನ ಸಾರು. ಊಟ ಮಾಡುತ್ತಾ ನಾವು ಓದಿದ್ದನ್ನೆಲ್ಲ ಅವರಿಗೆ ಹೇಳಿದೆವು: ನಮೀಬಿಯಾದಲ್ಲಿ 1975ರ ಕಾನೂನಿನ ಪ್ರಕಾರ ತನ್ನ ಜಮೀನಿನಲ್ಲಿರುವ ಇಂಥ ಪ್ರಾಣಿಗಳ ಮೇಲೆ ರೈತನಿಗೇ ಹಕ್ಕಿದೆ, ಬೇಟೆಗೆ ಬರುವವರ ಹಣ ಅವನಿಗೆ ಹೋಗುತ್ತೆ, ಹಾಗಾಗಿ ದನ ಬಿಟ್ಟು ಜಿಂಕೆ ಸಾಕುವವರೂ ಇದ್ದಾರೆ. 1996ರಿಂದ ಊರಿನವರು ಸೇರಿ ಮಾಡಿಕೊಂಡ ಸಂಘಗಳಿಗೂ ಆ ಹಕ್ಕು ಸಿಕ್ಕಿದೆ. ಅಪ್ಪ ಮುದ್ದೆ ಮುರಿಯುತ್ತಾ ಕೇಳಿದರು. “ಎಷ್ಟು ಎಕರೆ ಅವರಿಗೆ?” ಸಾವಿರಾರು ಹೆಕ್ಟೇರ್ ಅಂದೆವು. “ನಮಗೆ ಮೂರೂವರೆ,” ಅಂದು ಸಾರು ಹಾಕಿಸಿಕೊಂಡರು. ನಮ್ಮ ಥಿಯರಿ ಅಲ್ಲಿಗೆ ಮುಗಿಯಿತು. ತಾತ ಮಾತ್ರ, ಹೊಡೆಯುವ ಹಕ್ಕು ಬಂದರೆ ಹೊಡೆಯುತ್ತೀರಾ ಅಂತ ಕೇಳಿದರು. ಅಪ್ಪ ಯೋಚಿಸಿ, “ಒಂದು ವರ್ಷ ಬೆಳೆ ಪೂರ್ತಿ ಹೋಗಿತ್ತು. ಆ ವರ್ಷ ಕೇಳಿದ್ದರೆ ಹ್ಞೂಂ ಅಂತಿದ್ದೆ,” ಅಂದರು.

ಬೆಳೆ ಪರಿಹಾರಕ್ಕೆ ಅರ್ಜಿ ಹಾಕಿದ್ದೀರಾ ಅಂದರೆ ಇಲ್ಲ. ಕಾಗದ ಪತ್ರಕ್ಕೆ ಓಡಾಡುವ ದಿನದಲ್ಲಿ ಕೂಲಿಯೇ ಹೋಗುತ್ತೆ ಅನ್ನುವ ಲೆಕ್ಕ. ಮಧ್ಯಾಹ್ನ ನಾವು ಹೊಲದಲ್ಲಿ ಟೇಪ್ ಹಿಡಿದೆವು. ಸಿವಿಲ್‌ನವನು ಸರ್ವೇಯಿಂಗ್ ಲ್ಯಾಬಿನಲ್ಲಿ ಕಲಿತದ್ದನ್ನು ಮೊದಲ ಸಲ ಅಪ್ಪನ ಮುಂದೆ ಮಾಡಿ ತೋರಿಸಿದ. ಹಾಳಾದ ಜಾಗದ ನಕ್ಷೆ, ಗೊರಸಿನ ಗುರುತಿನ ಪಕ್ಕ ಸ್ಕೇಲ್ ಇಟ್ಟು ತೆಗೆದ ಫೋಟೋ, ಪಹಣಿ, ಪಾಸ್‌ಬುಕ್ ಜೆರಾಕ್ಸ್ ಎಲ್ಲ ಒಂದು ಫೈಲ್ ಆಯಿತು. ನಾವು ಕೆಲಸ ಮಾಡುತ್ತಿರುವಾಗ ತಾತ ಬದುವಿನ ಮೇಲೆ ಕೂತು, ಮಣ್ಣಿನ ಮೇಲಿನ ಗೊರಸನ್ನು ಬೆರಳಿನಿಂದ ಮುಟ್ಟಿ ನೋಡಿ, ಇದು ಹೆಣ್ಣು, ಇದು ಮರಿ, ಇದು ರಾತ್ರಿಯದು, ಇದು ಈಗಿನದು ಅಂತ ವಿಂಗಡಿಸುತ್ತಿದ್ದರು. ಅಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಲವನ್ನು ಒಪ್ಪಿದರು, ಕೆಲವಕ್ಕೆ ಜಗಳ ಆಡಿದರು.

ತಾತನ ಒಂದು ಕಣ್ಣಿನ ಆಪರೇಷನ್ ಆಗಿದೆ, ಇನ್ನೊಂದು ಬರುವ ತಿಂಗಳು. ಅರ್ಜಿ ಕೊಟ್ಟು ಬಂದಿದ್ದೇವೆ. ಹೋದ ಭಾನುವಾರ ತಾತ ಫೋನ್ ಮಾಡಿ ಎರಡು ವಿಷಯ ಕೇಳಿದರು. ನಮೀಬಿಯಾಕ್ಕೆ ಕೋವಿ ಇಲ್ಲದೆ ಬರೀ ನೋಡಲು ಹೋದರೆ ಎಷ್ಟಾಗುತ್ತೆ ಅನ್ನುವುದು ಒಂದು. ಮೈದನಹಳ್ಳಿಯಲ್ಲಿ ಈ ಸಲ ಕಡಲೆಕಾಯಿ ಎಷ್ಟು ಮೂಟೆ ಆಯಿತು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ‘ಆಫ್ರಿಕಾ ಫೈನಲ್ 4’ ಮಾಡುತ್ತಿದ್ದೇವೆ.